ನಾವು ಎರಡು ಸಲ ದುಡ್ಡು ಕೊಟ್ಟ ವಜ್ರವನ್ನು ನಮಗೆ ತೋರಿಸಿ

ಇವರಿಗೆ,
ಮಾನ್ಯ ಕೇಂದ್ರ ಸಂಸ್ಕೃತಿ ಸಚಿವರು,
ಭಾರತ ಸರ್ಕಾರ, ನವದೆಹಲಿ.

ವಿಷಯ: ಹೈದರಾಬಾದ್ ನಿಜಾಮರ ಆಭರಣಗಳನ್ನು, ಅದರಲ್ಲೂ ಜೇಕಬ್ ವಜ್ರವನ್ನು, ಜನ ಕಾಯಂ ನೋಡುವಂತೆ ಮಾಡುವ ಬಗ್ಗೆ.

ಮಾನ್ಯರೇ,

ನಾನು ಬೀದರ್ ಜಿಲ್ಲೆಯ ಒಂದು ಹಳ್ಳಿಯವನು. ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ 2019ರಲ್ಲಿ ನಿವೃತ್ತನಾದೆ. ನಿಮಗೆ ಬರೆಯುತ್ತಿರುವುದು ಒಂದು ಹರಳಿನ ಬಗ್ಗೆ. ಅದರ ತೂಕ 184.75 ಕ್ಯಾರೆಟ್. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಮೂರು ತೊಲಕ್ಕಿಂತ ಚೂರು ಜಾಸ್ತಿ. ಉದ್ದ ಹೆಚ್ಚು ಕಡಿಮೆ ನಾಲ್ಕು ಸೆಂಟಿಮೀಟರ್. ಲಂಡನ್ನಿನ ಕೊಹಿನೂರ್ ಇದರ ಪಕ್ಕದಲ್ಲಿ ಚಿಕ್ಕದು, ಅದು 105.6 ಕ್ಯಾರೆಟ್. ಕೊಹಿನೂರ್ ಯಾವಾಗ ವಾಪಸ್ ಬರುತ್ತೆ ಅಂತ ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ. ಈಗಾಗಲೇ ನಮ್ಮದೇ ಆಗಿರುವ, ಅದಕ್ಕಿಂತ ದೊಡ್ಡ ವಜ್ರ ಎಲ್ಲಿದೆ ಅಂತ ಕೇಳುವವರು ಸಿಗುವುದಿಲ್ಲ. ಅದು ರಿಸರ್ವ್ ಬ್ಯಾಂಕಿನ ತಿಜೋರಿಯಲ್ಲಿದೆ. 1995ರಿಂದ ಅಲ್ಲೇ ಇದೆ.

ಈ ಹರಳಿನ ಮಾತು ನಾನು ಮೊದಲು ಕೇಳಿದ್ದು ನಮ್ಮ ಆಯಿಯ ಬಾಯಲ್ಲಿ, ಅಂದರೆ ಅಪ್ಪನ ತಾಯಿ. ಜೋಳದ ರೊಟ್ಟಿ ಬಡಿಯುತ್ತಾ ಹೇಳುತ್ತಿದ್ದಳು: "ನವಾಬನ ಬಲ್ಲಿ ನಿಂಬಿಕಾಯಿ ಅಷ್ಟು ದೊಡ್ಡ ಹರಳ ಅದಾ ಅಂತ. ಅದನ್ನ ಕಾಗದದ ಮ್ಯಾಲ ಇಡ್ತಾನಂತ." ನಾವು ಹುಡುಗರು ನಂಬುತ್ತಿರಲಿಲ್ಲ. ಆಯಿ ಬೀದರ್ ಪೇಟೆ ಬಿಟ್ಟು ಆಚೆ ಹೋದವಳಲ್ಲ. ಓದು ಬರಹವೂ ಇರಲಿಲ್ಲ. ಆದರೆ ಅವಳು ಹೇಳಿದ್ದು ಅಕ್ಷರಶಃ ನಿಜ ಅಂತ ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ, ಅದೇ ಹರಳಿನ ಮುಂದೆ ನಿಂತಾಗ.

ಆ ಕತೆ ನಿಮಗೆ ಗೊತ್ತಿರಬಹುದು. ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಈ ವಜ್ರ ಗೋಲ್ಕೊಂಡದ್ದಲ್ಲ. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಸಿಕ್ಕಿ, 1884ರಲ್ಲಿ ಲಂಡನ್ನಿಗೆ ಬಂತು. ಆಗ ಕಚ್ಚಾ ಹರಳಿನ ತೂಕ 450 ಕ್ಯಾರೆಟ್ ಮೀರಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಅದನ್ನು ಸಾಣೆ ಹಿಡಿದರು. 1891ರಲ್ಲಿ ಶಿಮ್ಲಾದ ರತ್ನ ವ್ಯಾಪಾರಿ ಅಲೆಕ್ಸಾಂಡರ್ ಮಾಲ್ಕಮ್ ಜೇಕಬ್ ಇದನ್ನು ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರಿಗೆ ಮಾರಲು ಹೊರಟ. 46 ಲಕ್ಷಕ್ಕೆ ಮಾತಾಯಿತು. 23 ಲಕ್ಷ ಮುಂಗಡವೂ ಹೋಯಿತು. ಅಷ್ಟರಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದರೆ ನಿಜಾಮರ ದರ್ಬಾರಿನಲ್ಲಿದ್ದ ಬ್ರಿಟಿಷರ ಪ್ರತಿನಿಧಿ, ಅಡ್ಡ ಬಂದರು, ನಿಜಾಮರೂ ಮನಸ್ಸು ಬದಲಿಸಿದರು. ಮುಂಗಡದ ಜಗಳದಲ್ಲಿ ಜೇಕಬ್ ಮೇಲೆ ವಂಚನೆಯ ಆರೋಪ ಬಂದು, ವಿಷಯ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಜೇಕಬ್ ಆರೋಪದಿಂದ ಪಾರಾದ, ಆದರೆ ವ್ಯಾಪಾರದಲ್ಲಿ ಮತ್ತೆ ಮೇಲೇಳಲಿಲ್ಲ. ಕೊನೆಗೆ ಆ 23 ಲಕ್ಷಕ್ಕೇ ವಜ್ರ ನಿಜಾಮರಿಗೆ ಸೇರಿತು. ಕೋರ್ಟು ಕಚೇರಿಯಿಂದ ಮಾನ ಹೋಯಿತು ಅಂತ ನೊಂದಿದ್ದ ಅವರಿಗೆ ಅದನ್ನು ನೋಡುವುದೂ ಬೇಡವಾಗಿತ್ತು. ಅವರ ಮಗ, ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಗೆ ಅದು ಚೌಮಹಲ್ಲಾ ಅರಮನೆಯಲ್ಲಿ, ಅಪ್ಪನ ಹಳೇ ಪಾದರಕ್ಷೆಯ ಮುಂಗಾಲಲ್ಲಿ ತುರುಕಿಟ್ಟದ್ದು ಸಿಕ್ಕಿತು ಅಂತ ಹೇಳುತ್ತಾರೆ. 1937ರಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತಿ ಶ್ರೀಮಂತ ಅಂತ ಮುಖಪುಟದಲ್ಲಿ ಹಾಕಿದ್ದು ಇದೇ ಉಸ್ಮಾನ್ ಅಲಿ ಖಾನರನ್ನು. ಅವರು ಆ ವಜ್ರವನ್ನು ಮೇಜಿನ ಮೇಲಿನ ಕಾಗದ ಹಾರದಂತೆ ಇಡಲು ಬಳಸುತ್ತಿದ್ದರು.

ಸಚಿವರೇ, ಇಲ್ಲಿ ನಾನು ಒಂದು ನಿಮಿಷ ನಿಲ್ಲುತ್ತೇನೆ. ಆ 23 ಲಕ್ಷ ರೂಪಾಯಿ ಎಲ್ಲಿಂದ ಬಂತು? ಬೀದರ್, ಕಲಬುರಗಿ, ರಾಯಚೂರು, ಅತ್ತ ಮರಾಠವಾಡಾ, ಇತ್ತ ತೆಲಂಗಾಣ, ಇವೆಲ್ಲ ಆಗ ನಿಜಾಮರ ಸಂಸ್ಥಾನ. ಆ ಖಜಾನೆ ತುಂಬಿದ್ದು ಮುಖ್ಯವಾಗಿ ಹೊಲದ ಕಂದಾಯದಿಂದ. ನಮ್ಮ ಅಜ್ಜ ಪಟವಾರಿಯ ಕಟ್ಟೆ ಮುಂದೆ ಕೈಕಟ್ಟಿ ನಿಂತು ಹಾಲಿ ಸಿಕ್ಕಾ, ಅಂದರೆ ನಿಜಾಮರ ರೂಪಾಯಿ, ಎಣಿಸಿ ಕೊಟ್ಟವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೇವಿ ಅಂತ, ಅಂದರೆ ಸರ್ಕಾರದ ಕಡ್ಡಾಯ ವಸೂಲಿ ಅಂತ, ಕಾಳು ತುಂಬಿಡುವ ಮನೆಯ ಹಗೇವಿನಿಂದ ಜೋಳ ಅಳೆದು ಒಯ್ದಾಗ ಆಯಿ ಬಾಗಿಲಲ್ಲಿ ಕೂತು ಅತ್ತಿದ್ದಳಂತೆ. ಅವರ ಹಿಂದಿನ ತಲೆಮಾರು ಕಟ್ಟಿದ ಕಂದಾಯದ ಪಾಲು ಆ ವಜ್ರದಲ್ಲಿದೆ. ಇದು ಮೊದಲನೇ ಸಲ ನಾವು ಕೊಟ್ಟ ದುಡ್ಡು.

ಎರಡನೇ ಸಲ ಕೊಟ್ಟಿದ್ದು 1995ರಲ್ಲಿ. ಉಸ್ಮಾನ್ ಅಲಿ ಖಾನರು ತಮ್ಮ ಒಡವೆಗಳಿಗಾಗಿ ಟ್ರಸ್ಟ್ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಮಾರಾಟದ ಮಾತು ಬಂತು, ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಒಡವೆಗಳು ಹೊರದೇಶದ ಹರಾಜಿಗೆ ಹೋಗಬಾರದು ಅಂತ ಭಾರತ ಸರ್ಕಾರ 218 ಕೋಟಿ ರೂಪಾಯಿ ಕೊಟ್ಟು ಜೇಕಬ್ ವಜ್ರ ಸೇರಿ 173 ಆಭರಣಗಳನ್ನು ಕೊಂಡಿತು. ಒಳ್ಳೆಯ ಕೆಲಸ. ಆವತ್ತಿನ ಸರ್ಕಾರಕ್ಕೆ ನಾನು ಇವತ್ತೂ ಕೈ ಮುಗಿಯುತ್ತೇನೆ. ಆದರೆ ಆ 218 ಕೋಟಿ ಯಾರದು? ತೆರಿಗೆ ಕಟ್ಟಿದವರದು. ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುತ್ತೇವೆ ಅಲ್ವಾ? ಅಜ್ಜನ ಹಿಂದಿನವರ ಕಾಲದಲ್ಲಿ ಕಂದಾಯವಾಗಿ ಒಮ್ಮೆ, ನಮ್ಮ ಕಾಲದಲ್ಲಿ ತೆರಿಗೆಯಾಗಿ ಒಮ್ಮೆ. ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೊಟ್ಟ ಮನೆಯವರಿಗೆ ಅದನ್ನು ಕಣ್ಣಿಂದ ನೋಡಲು ಆಗುತ್ತಿಲ್ಲ.

ನನಗೆ ಒಮ್ಮೆ ಆ ಭಾಗ್ಯ ಸಿಕ್ಕಿದೆ. 2006ರಲ್ಲಿ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಈ ಆಭರಣಗಳ ಪ್ರದರ್ಶನ ಇತ್ತು. ಪೇಪರಿನಲ್ಲಿ ಓದಿದ ದಿನವೇ ಹೆಡ್ ಮಾಸ್ತರರನ್ನು ಕೇಳಿ, ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಬಸ್ಸು ಗೊತ್ತು ಮಾಡಿದೆ. ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಹೊರಟೆವು. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮೂಸಿ ನದಿಯ ದಂಡೆಯಲ್ಲಿ ಸಾಲು ನಿಂತೆವು. ಬಿಸಿಲಿತ್ತು. ಒಂದು ಮಗುವೂ ಗೊಣಗಲಿಲ್ಲ.

ಒಳಗೆ ಕತ್ತಲು, ಗಾಜಿನ ಪೆಟ್ಟಿಗೆಗಳಿಗೆ ಮಾತ್ರ ಬೆಳಕು. ಬಸ್ರಾ ಮುತ್ತಿನ ಏಳೆಳೆಯ ಸರ, ಅದಕ್ಕೆ ಸತ್‌ಲಡಾ ಅನ್ನುತ್ತಾರೆ, ಹುಡುಗಿಯರು ಅದರ ಮುಂದೆಯೇ ನಿಂತುಬಿಟ್ಟರು. ಪೇಟಕ್ಕೆ ಸಿಕ್ಕಿಸುವ ಸರ್ಪೇಚು, ತೋಳಬಂದಿ, ಕೊಲಂಬಿಯಾದಿಂದ ಬಂದ ಪಚ್ಚೆ, ವಜ್ರದ ಗುಂಡಿಗಳು. ಅಂಗಿಯ ಗುಂಡಿಗೂ ವಜ್ರವೇ ಅಂತ ಹುಡುಗರು ಒಬ್ಬರನ್ನೊಬ್ಬರು ತಿವಿದರು. ಕೊನೆಗೆ ಜೇಕಬ್. ಮೊದಲ ನೋಟಕ್ಕೆ ಅದು ಏನೂ ಅಲ್ಲ, ಒಂದು ದಪ್ಪ ಗಾಜಿನ ತುಂಡು. ತಲೆ ಸ್ವಲ್ಪ ಅಲ್ಲಾಡಿಸಿದೆ. ಆಗ ಅದರೊಳಗೆ ಬೆಳಕು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿತು, ನೀಲಿ ಬಂತು, ಕೆಂಪು ಬಂತು, ಹೋಯಿತು. ನನ್ನ ಜೊತೆ ಬಂದಿದ್ದ ಒಬ್ಬ ಹುಡುಗಿ, ಜೀತಕ್ಕಿದ್ದ ಮನೆಯಿಂದ ಬಂದವಳು, ಮೊಣಕಾಲೂರಿ ಕೂತು ಕೆಳಗಿನಿಂದ ನೋಡಿದಳು. ಅವಳ ಉಸಿರಿಗೆ ಗಾಜು ಮಸುಕಾಯಿತು. ಲಂಗದ ಅಂಚಿನಿಂದ ಒರೆಸಲು ಹೋದಳು, ಕಾವಲಿನವರು ಮುಂದೆ ನಡಿ ಅಂದರು. ಎದ್ದವಳು ನನ್ನನ್ನು ಕೇಳಿದಳು: "ಸರ್, ಇದು ಈಗ ಯಾರದು?"

"ನಮ್ಮದು," ಅಂದೆ. "ನಿಂದು, ನಂದು, ಎಲ್ಲರದು."

ಮರುವಾರ ಆ ಹುಡುಗಿ ಎರೆಮಣ್ಣು ಕಲಸಿ, ಆ ವಜ್ರದ ಅಳತೆಗೇ ಒಂದು ಉಂಡೆ ಮಾಡಿ, ಮುಖಗಳನ್ನು ಬ್ಲೇಡಿನಿಂದ ಕೆತ್ತಿ, ಒಣಗಿಸಿ ತಂದಳು. ಹೈದರಾಬಾದಿಗೆ ಬರಲು ಆಗದಿದ್ದ ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಆ ಮಣ್ಣಿನುಂಡೆ ಹದಿಮೂರು ವರ್ಷ ನನ್ನ ಮೇಜಿನ ಮೇಲಿತ್ತು. ಒಂದು ಬದಿ ಬಿರುಕು ಬಿಟ್ಟಿತ್ತು. ಪ್ರತಿ ವರ್ಷ ಹೊಸ ತರಗತಿಗೆ ಗಣಿ, ಸಂಸ್ಥಾನ, ಕಂದಾಯ ಪಾಠ ಮಾಡುವಾಗ ಅದನ್ನೇ ತೋರಿಸುತ್ತಿದ್ದೆ. ಮಕ್ಕಳು ಪ್ರತಿ ವರ್ಷವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ನಮ್ಮನ್ನು ಯಾವಾಗ ಕರೆದುಕೊಂಡು ಹೋಗ್ತೀರಿ ಸರ್? ನನ್ನ ಹತ್ತಿರ ಉತ್ತರ ಇರಲಿಲ್ಲ.

2019ರಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಪ್ರದರ್ಶನ ಆಯಿತು. ಫೆಬ್ರುವರಿಯಿಂದ ಮೇ ಮೊದಲ ವಾರದವರೆಗೆ. ನಮಗೆ ಅದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ. ಅದೂ ಅಲ್ಲದೆ ಬೀದರಿನಿಂದ ದೆಹಲಿ ಸಾವಿರ ಕಿಲೋಮೀಟರ್ ಮೀರಿದ ದಾರಿ. ಕೂಲಿಯವರ ಮಕ್ಕಳನ್ನು ಹೇಗೆ ಕರೆದೊಯ್ಯಲಿ? 2001ರಲ್ಲಿ ಒಮ್ಮೆ, 2006ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ ಅಂತ ಹೀಗೆ ನಡುವೆ ಎಷ್ಟೋ ವರ್ಷ ಬಿಟ್ಟು ತೋರಿಸಿದರೆ, ಒಂದು ಮಗು ಶಾಲೆ ಸೇರಿ ಮುಗಿಸಿ ಹೋಗುವಷ್ಟರಲ್ಲಿ ಒಂದೂ ಪ್ರದರ್ಶನ ಸಿಗದೇ ಹೋಗಬಹುದು. ನನ್ನ ಎಷ್ಟೋ ವಿದ್ಯಾರ್ಥಿಗಳಿಗೆ ಹಾಗೇ ಆಗಿದೆ.

ಹೋದ ವರ್ಷ ಮೊಮ್ಮಗಳನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿದ್ದೆ. ಒಂದು ಸಂಗ್ರಹಾಲಯದ ಟಿಕೆಟ್ ಕೌಂಟರಿನಲ್ಲಿ ಸುಮ್ನೆ ಕೇಳಿ ನೋಡಿದೆ, ನಿಜಾಮರ ವಜ್ರ ಇಲ್ಲಿ ಏನಾದರೂ ಇದೆಯಾ ಅಂತ. ಕೌಂಟರಿನ ಹುಡುಗ ಮರ್ಯಾದೆಯಿಂದಲೇ ಹೇಳಿದ: "ವೋ ತೋ ಬ್ಯಾಂಕ್ ಮೇ ಹೈ ಸಾಬ್." ಯಾವಾಗ ಬರುತ್ತೆ? ಅವನಿಗೆ ಗೊತ್ತಿಲ್ಲ. ಅದು ಅವನ ತಪ್ಪಲ್ಲ. ಊರಿಗೆ ಬಂದು ಒಂದು ಕಚೇರಿಗೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವಂತೆ ನಿಮಗೇ ಬರೆಯುತ್ತಿದ್ದೇನೆ.

ಬೇರೆ ಕಡೆ ಹೇಗಿದೆ ಅಂತ ಸ್ವಲ್ಪ ನೋಡೋಣ. ಕೊಹಿನೂರನ್ನು ಕಿತ್ತುಕೊಂಡು ಹೋದವರೂ ಅದನ್ನು ಬಚ್ಚಿಟ್ಟಿಲ್ಲ. ಟವರ್ ಆಫ್ ಲಂಡನ್ನಿನಲ್ಲಿ ಟಿಕೆಟ್ ಕೊಂಡವರು ಯಾರು ಬೇಕಾದರೂ ನೋಡಬಹುದು. ಅಲ್ಲೇ 3,106 ಕ್ಯಾರೆಟ್ಟಿನ ಕಲಿನನ್ ವಜ್ರದಿಂದ ಕಡಿದ 530 ಕ್ಯಾರೆಟ್ಟಿನ ತುಂಡೂ ಇದೆ. ನಮ್ಮ ಕೃಷ್ಣಾ ದಂಡೆಯ ಕೊಲ್ಲೂರು ಗಣಿಯ ರೀಜೆಂಟ್ ವಜ್ರ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದ್ದು, ಅಲ್ಲಿ ವರ್ಷಗಟ್ಟಲೆ ಜನರ ಕಣ್ಣ ಮುಂದಿತ್ತು. ಹೋಪ್ ವಜ್ರವೂ ಭಾರತದಿಂದಲೇ ಹೋದದ್ದು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ 1958ರಲ್ಲಿ ಹ್ಯಾರಿ ವಿನ್‌ಸ್ಟನ್ ಎಂಬ ವ್ಯಾಪಾರಿ ಅದನ್ನು ದಾನ ಕೊಟ್ಟರು, ಅದೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಲ್ಲಿ ನೋಡಲು ಟಿಕೆಟ್ಟೂ ಬೇಡ. ಬೋಟ್ಸ್ವಾನಾದ ಕರೋವೆ ಗಣಿಯಲ್ಲಿ 2024ರಲ್ಲಿ 2,492 ಕ್ಯಾರೆಟ್ಟಿನ ವಜ್ರ ಸಿಕ್ಕಾಗ ಅದನ್ನು ಆ ದೇಶದ ಅಧ್ಯಕ್ಷರ ಕಚೇರಿಯಲ್ಲಿ ಪತ್ರಿಕೆಯವರ ಮುಂದೆ ತೋರಿಸಿದರು. ಸಿಯೆರಾ ಲಿಯೋನ್‌ನಲ್ಲಿ 2017ರಲ್ಲಿ ಸಿಕ್ಕ 709 ಕ್ಯಾರೆಟ್ಟಿನ ಹರಳನ್ನು ನ್ಯೂಯಾರ್ಕಿನಲ್ಲಿ 65 ಲಕ್ಷ ಡಾಲರಿಗೆ ಮಾರಿದಾಗ, ಅದು ಸಿಕ್ಕ ಊರಿಗೂ ಅದರಿಂದ ಒಳ್ಳೆಯದಾಗಬೇಕು ಅಂತ ಅಲ್ಲಿನ ಸರ್ಕಾರ ಹೇಳಿತು. ಭಾರತದಿಂದ ಹೋದ ವಜ್ರಗಳನ್ನು ಪ್ಯಾರಿಸಿನ ಮಗು ನೋಡಿದೆ, ವಾಷಿಂಗ್ಟನ್ನಿನ ಮಗು ನೋಡುತ್ತೆ. ಭಾರತದಲ್ಲೇ ಉಳಿದ ವಜ್ರವನ್ನು ಬೀದರಿನ ಮಗು ನೋಡುವಂತಿಲ್ಲ.

ಭದ್ರತೆಯ ಮಾತು ನೀವು ಹೇಳುತ್ತೀರಿ ಅಂತ ಗೊತ್ತು. ಅದು ಸಣ್ಣ ಮಾತಲ್ಲ, ನಾನು ಒಪ್ಪುತ್ತೇನೆ. 2018ರಲ್ಲಿ ಹೈದರಾಬಾದಿನ ಪುರಾನಿ ಹವೇಲಿಯ ನಿಜಾಮರ ಮ್ಯೂಸಿಯಮ್ಮಿನಿಂದ ವಜ್ರ ಕೂರಿಸಿದ ಚಿನ್ನದ ಟಿಫಿನ್ ಡಬ್ಬಿ ಕಳುವಾಯಿತು. ಪೊಲೀಸರು ಕೆಲವೇ ದಿನದಲ್ಲಿ ಹುಡುಕಿ ತಂದರು. 2025ರ ಅಕ್ಟೋಬರ್ 19ರಂದು ಲೂವ್ರ್‌ನಲ್ಲಿ, ಹಾಡಹಗಲೇ, ಹತ್ತು ನಿಮಿಷದೊಳಗೆ ಎಂಟು ರಾಜ ಆಭರಣಗಳು ಹೋದವು. ರೀಜೆಂಟ್ ಉಳಿಯಿತು. ಇದನ್ನು ನೋಡಿದ ಯಾವ ಅಧಿಕಾರಿಗೂ ಬೀಗ ತೆಗೆಯಲು ಕೈ ನಡುಗುತ್ತದೆ.

ಆದರೆ ತಿಜೋರಿಯ ಬಾಗಿಲು ಮುಚ್ಚಿಯೇ ಇರಬೇಕು ಅಂತೇನಿಲ್ಲ. ಇರಾನಿನ ದಾರಿ ನೋಡಿ. ಅಲ್ಲಿನ ರಾಜವಂಶದ ಒಡವೆಗಳು ದೇಶದ ಕೇಂದ್ರ ಬ್ಯಾಂಕಿನ ವಶದಲ್ಲಿವೆ. ನಮ್ಮ ಹಾಗೆಯೇ. ಅವರು ತೆಹರಾನಿನ ಬ್ಯಾಂಕ್ ಕಟ್ಟಡದ ನೆಲಮಾಳಿಗೆಯ ಆ ತಿಜೋರಿಯನ್ನೇ 1960ರಲ್ಲಿ ಮ್ಯೂಸಿಯಂ ಮಾಡಿ ಜನರಿಗೆ ತೆರೆದರು. ಸುಮಾರು 182 ಕ್ಯಾರೆಟ್ಟಿನ ದರಿಯಾ-ಎ-ನೂರ್ ಅಲ್ಲಿದೆ, ಅದೂ ನಮ್ಮ ಗೋಲ್ಕೊಂಡದ ಕಡೆಯ ಹರಳು. ಕಾವಲು ಬ್ಯಾಂಕಿನದೇ, ಬೀಗ ಬ್ಯಾಂಕಿನದೇ, ಜನ ಮಾತ್ರ ಒಳಗೆ ಬಂದು ನೋಡುವ ಏರ್ಪಾಡು. ನಮ್ಮ ರಿಸರ್ವ್ ಬ್ಯಾಂಕಿಗೆ ಮ್ಯೂಸಿಯಂ ನಡೆಸಿ ಅಭ್ಯಾಸ ಇಲ್ಲ ಅನ್ನುವಂತಿಲ್ಲ. ಮುಂಬಯಿಯಲ್ಲಿ ಅವರದು ನಾಣ್ಯ ಸಂಗ್ರಹಾಲಯ ಇದೆ, ಕೋಲ್ಕತ್ತಾದಲ್ಲೂ ಒಂದಿದೆ.

ಇನ್ನೊಂದು ಮಾತು ಸ್ಪಷ್ಟ ಮಾಡುತ್ತೇನೆ. ನಿಜಾಮರ ವೈಭವ ಹೊಗಳಲು ನಾನು ಇದನ್ನು ಕೇಳುತ್ತಿಲ್ಲ. 1948ರಲ್ಲಿ ರಜಾಕಾರರು, ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರು, ನಮ್ಮ ಜಿಲ್ಲೆಯ ಗೋರಟಾದಲ್ಲಿ ಮಾಡಿದ ಹತ್ಯಾಕಾಂಡವನ್ನು ಮರೆತವನೂ ಅಲ್ಲ. ನಿಜಾಮರ ಆಳ್ವಿಕೆ ಮುಗಿದ ಆ ವರ್ಷದ ಸೆಪ್ಟೆಂಬರ್ 17 ನಮಗೆ ಬಿಡುಗಡೆಯ ದಿನ, ಇವತ್ತೂ ಬಾವುಟ ಹಾರಿಸುತ್ತೇವೆ. ಅದಕ್ಕಾಗಿಯೇ ಈ ಒಡವೆ ನಾವು ನೋಡಬೇಕು. ಒಂದು ಕಡೆ ಹಗೇವಿನ ಜೋಳ, ಇನ್ನೊಂದು ಕಡೆ ಕಾಗದದ ಮೇಲೆ ಇಟ್ಟ ವಜ್ರ. ಇವೆರಡೂ ಒಂದೇ ಕಾಲದ ಸಂಗತಿ ಅಂತ ಪುಸ್ತಕದಲ್ಲಿ ಹತ್ತು ಸಲ ಓದಿಸಿದರೂ ಮಕ್ಕಳ ತಲೆಗೆ ಹೋಗುವುದಿಲ್ಲ. ಒಮ್ಮೆ ಎದುರು ನಿಂತು ನೋಡಿದರೆ ಹೋಗುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಈ 173 ಆಭರಣಗಳಿಗೆ ಒಂದು ಕಾಯಂ ಜಾಗ ಮಾಡಿ. ಹೈದರಾಬಾದ್ ಆದರೆ ಬೀದರ್, ಕಲಬುರಗಿ, ರಾಯಚೂರು, ಔರಂಗಾಬಾದ್, ವರಂಗಲ್ ಎಲ್ಲರಿಗೂ ಹತ್ತಿರ, ಸಂಸ್ಥಾನದ ಎಲ್ಲ ಜನ ಬಂದು ಹೋಗಬಹುದು. ಅಷ್ಟೂ ಒಡವೆ ಒಟ್ಟಿಗೆ ತೋರಿಸಲು ಭಯ ಇದ್ದರೆ ಜೇಕಬ್ ಒಂದನ್ನೇ ಇಡಿ, ಉಳಿದವನ್ನು ಸರದಿಯಲ್ಲಿ ತನ್ನಿ. ಕಟ್ಟಡ ಸಿದ್ಧವಾಗುವ ತನಕ ಪ್ರತಿ ವರ್ಷ ಎರಡು ತಿಂಗಳಾದರೂ ಪ್ರದರ್ಶನ ಇರಲಿ. ಅದರ ತಾರೀಕು ಆರು ತಿಂಗಳ ಮೊದಲೇ ಗೊತ್ತಾಗಲಿ, ಪರೀಕ್ಷೆ ಇಲ್ಲದ ತಿಂಗಳಲ್ಲಿ ಇರಲಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಟಿಕೆಟ್ ಬೇಡ.

ಅಲ್ಲಿ ಹಾಕುವ ಫಲಕಗಳು ಇಂಗ್ಲಿಷು ಹಿಂದಿಯಲ್ಲಿ ಮಾತ್ರ ಇರಬಾರದು. ಕನ್ನಡ, ತೆಲುಗು, ಮರಾಠಿ, ಉರ್ದುವಿನಲ್ಲೂ ಇರಲಿ, ಸಂಸ್ಥಾನದ ಜನ ಮಾತಾಡಿದ್ದು ಆ ಭಾಷೆಗಳನ್ನೇ. ಫಲಕದಲ್ಲಿ ಕ್ಯಾರೆಟ್ಟಿನ ಲೆಕ್ಕದ ಜೊತೆ, ಅದನ್ನು ಅಗೆದದ್ದು ದಕ್ಷಿಣ ಆಫ್ರಿಕಾದ ಗಣಿ ಕೆಲಸಗಾರರು, ಅದಕ್ಕೆ ದುಡ್ಡು ಕೊಟ್ಟದ್ದು ನಮ್ಮ ರೈತರು ಅಂತಲೂ ಬರೆಯಿಸಿ.

ಮತ್ತೆ ಕಲಬುರಗಿ, ಬೀದರ್, ರಾಯಚೂರಿನ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಜೇಕಬ್‌ನ ತದ್ರೂಪು ಒಂದೊಂದು ಕೊಡಿ. ಅದೇ ಅಳತೆ, ಅದೇ ಮುಖಗಳು, ಗಾಜಿನದ್ದಾದರೂ ಸಾಕು. ಪೆಟ್ಟಿಗೆಯಲ್ಲಿ ಇಡಬೇಡಿ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ. ಎರೆಮಣ್ಣಿನ ಉಂಡೆಯಲ್ಲಿ ಹದಿಮೂರು ವರ್ಷ ಪಾಠ ಮಾಡಿದವನ ಅನುಭವದಿಂದ ಹೇಳುತ್ತಿದ್ದೇನೆ, ಅಂಗೈಯಲ್ಲಿ ತೂಗಿ ನೋಡಿದ ವಸ್ತುವನ್ನು ಮಗು ಮರೆಯುವುದಿಲ್ಲ.

ಆ ಹುಡುಗಿ ಈಗ ನರ್ಸ್ ಆಗಿದ್ದಾಳೆ. ಅವಳ ಮಗಳು ಈ ವರ್ಷ ನಾಲ್ಕನೇ ತರಗತಿ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಕೇಳಿದಳು, "ಸರ್, ಆ ಹರಳು ಮತ್ತೆ ಎಲ್ಲಾದರೂ ಇಟ್ಟಾರೇನು? ಮಗಳಿಗೆ ತೋರಿಸಬೇಕಿತ್ತು." ಮುಂದಿನ ಸೆಪ್ಟೆಂಬರ್ 17ರೊಳಗೆ ನಿಮ್ಮಿಂದ ಒಂದು ತಾರೀಕು, ಒಂದು ಊರಿನ ಹೆಸರು ಬಂದರೆ ಸಾಕು. ಅವಳಿಗೆ ಫೋನ್ ಮಾಡಿ ಹೇಳುತ್ತೇನೆ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಬೀದರ್ ಜಿಲ್ಲೆ